ಆಯಿ ಮತ್ತು ಕಬ್ಬೂರಿನ ಅಳಿಯ

ಆಯಿಯ ಬಲಗೈ ತುಂಬ ಕೋಳಿ ಕುಕ್ಕಿದ ಗುರುತುಗಳಿದ್ದವು. ಹಳೆಯವು ಬಿಳಿ ಚುಕ್ಕೆಗಳಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು. ಹೆಬ್ಬೆರಳ ಬುಡದಲ್ಲಿ ಮಾತ್ರ ಉದ್ದನೆಯ ಕಲೆ, ಹುಂಜವೊಂದರ ಕಾಲಿನ ಮುಳ್ಳು ಸೀಳಿದ್ದು. ಅದನ್ನು ತೋರಿಸಿ, "ಇಂವ ನನ್ನ ಮದಲನೇ ಅಳ್ಯಾ. ಭಾಳ ಸಿಟ್ಟಿನಾಂವ ಇದ್ದ," ಎನ್ನುತ್ತಿದ್ದಳು.

ಕರೋಶಿಯಲ್ಲಿ ನಮ್ಮ ಬೇಲಿಯಾಚೆಯ ಮನೆ ಅವಳದು. ಸಂಬಂಧವೇನಿಲ್ಲ, ಆದರೂ ಓಣಿಗೆಲ್ಲ ಅವಳು ಆಯಿಯೇ. ಮಕ್ಕಳಿರಲಿಲ್ಲ. ಹಿತ್ತಲಿನ ಹೇಂಟೆಗಳನ್ನೇ ಹೆಣ್ಣುಮಕ್ಕಳು ಅನ್ನುತ್ತಿದ್ದಳು. ತನ್ನಲ್ಲೇ ಹುಟ್ಟಿದ ಹುಂಜವನ್ನು ಅವಳು ಎಂದೂ ಇಟ್ಟುಕೊಳ್ಳಲಿಲ್ಲ. "ಅಣ್ಣ-ತಂಗಿ ಸಂಬಂಧ ಆಗ್ತೈತಿ, ಥೂ!" ಅದು ಕೂಗಲು ಕಲಿತ ಕೂಡಲೇ ಬೇರೆ ಊರಿಗೆ ಕೊಟ್ಟು, ಬದಲಿಗೆ ಅಲ್ಲಿಯದೊಂದನ್ನು ತರುತ್ತಿದ್ದಳು. ಹಾಗೆ ಬಂದದ್ದು ಅಳಿಯ. ಹೊಸ್ತಿಲಲ್ಲಿ ಅದರ ಕಾಲಿಗೆ ನೀರು ಹಾಕಿ, ಅರಿಷಿಣ ಹಚ್ಚಿದ ಮೇಲೆಯೇ ಹಿತ್ತಲಿಗೆ ಬಿಡುವುದು. ನಾನು ನಕ್ಕರೆ, "ನಗಬ್ಯಾಡ ಬೇ. ಬಿ.ಎಸ್ಸಿ ಕಲ್ತಾಕಿ ಅಂತ ನಿನ್ನ ಗಂಡನ ಬಿಡ್ತೀನೇನ? ಅವಂಗೂ ಹಿಂಗ ಮಾಡಾಕಿ ನಾ," ಎಂದು ಗದರಿಸುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಕಬ್ಬೂರಿನಿಂದ ಒಂದು ಕೆಂಪು ಹುಂಜ ಬಂತು. ಅಂದು ಸಂಜೆ ಗೂಡಿನ ಬಾಯಿಗೆ ಹೋದದ್ದು ಒಳಗೆ ಹೋಗಲೊಲ್ಲದು. ಕತ್ತು ಚಾಚಿ, ಗರಿ ಕೆದರಿ, ಒಂದೇ ಸಮ ಕೂಗತೊಡಗಿತು. ಹೇಂಟೆಗಳೆಲ್ಲ ಅದರ ಹಿಂದೆ ನಿಂತುಬಿಟ್ಟವು.

"ಹೊಸಾ ಮನಿ, ನಾಚತಾನ," ಎಂದಳು ಆಯಿ. "ಅವನ ಬಿಟ್ಟು ಇವೂ ಹೋಗಾಂಗಿಲ್ಲ ನೋಡು, ಎಷ್ಟ ಮರ್ಯಾದಿ!"

ಒಳಗೆ ನುಚ್ಚು ಹಾಕಿ ಕರೆಯೋಣವೆಂದು ನಾನೇ ಮುಷ್ಟಿ ತುಂಬಿಕೊಂಡು ಬಗ್ಗಿದೆ. ಆಯಿ ನನ್ನ ಮಣಿಕಟ್ಟು ಹಿಡಿದಳು.

"ತಡಿ. ಅಳ್ಯಾನ ಊಟಕ್ಕ ಕರಿಯಾಕಿ ಅತ್ತಿ. ನೀ ಯಾಕ ಮುಂದ ಮುಂದ?"

ನನ್ನ ಮುಷ್ಟಿಯ ನುಚ್ಚನ್ನು ತನ್ನ ಕೈಗೆ ಸುರಿದುಕೊಂಡು, ಮೊಣಕೈವರೆಗೂ ಗೂಡಿನೊಳಗೆ ಚಾಚಿದಳು. ತಟ್ಟನೆ ಹಿಂದೆಳೆದುಕೊಂಡಳು. "ಇಲ್ಲ್ಯಾವ ಹ್ಯಾಟಿ ಕುಂತೈತಿ? ಕುಕ್ಕಿತಲ್ಲ!"

ಹೇಂಟೆಗಳೆಲ್ಲ ಹೊರಗಿದ್ದವು. ಕತ್ತಲೆ ತುಂಬಿದ ಗೂಡಿನೊಳಗಿಂದ ಬುಸ್ಸೆಂಬ ಸದ್ದು ಬಂತು.

ಅಣ್ಣನ ಬೈಕಿನಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ಚಿಕ್ಕೋಡಿಗೆ ಹೊರಟೆವು. ನನ್ನ ಎದೆಗೆ ತಲೆಯೊರಗಿಸಿ, "ಅಳ್ಯಾ ಉಪವಾಸ ಅದಾನ ಬೇ," ಎಂದಳು. ಆಮೇಲಿನ ಮಾತೆಲ್ಲ ತೊದಲಿ ಹೋಯಿತು. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟರು, ಉಸಿರಿಗೆ ನಳಿಕೆ ಹಾಕಿದರು. ಬೆಳಗಾಗುವಷ್ಟರಲ್ಲಿ ಆಯಿ ಹೋಗಿದ್ದಳು.

ಹುಂಜ ಈಗ ನಮ್ಮ ಹಿತ್ತಲಲ್ಲಿದೆ. ಸಂಜೆ ಗೂಡಿನ ಬಾಯಲ್ಲಿ ನಿಂತು ಕತ್ತು ಚಾಚಿ ಒಳಗೆ ನೋಡುತ್ತದೆ. ಅದು ತಾನಾಗಿ ಒಳಗೆ ಹೋಗುವವರೆಗೂ ನಾನು ಮುಷ್ಟಿಯಲ್ಲಿ ನುಚ್ಚು ಹಿಡಿದು ನಿಂತಿರುತ್ತೇನೆ. ಮಣಿಕಟ್ಟಿನ ಮೇಲೆ ಆಯಿಯ ಬೆರಳುಗಳ ಬಿಗಿ ಇನ್ನೂ ಇದ್ದಂತಿರುತ್ತದೆ. ಆಮೇಲೆ ಮುಷ್ಟಿ ಬಿಚ್ಚಿ ನುಚ್ಚು ಚೆಲ್ಲುತ್ತೇನೆ.

ನನ್ನ ಬಲಗೈ ಮೇಲೆ ಒಂದು ಗುರುತೂ ಇಲ್ಲ.