ಖಾಡಿಯಲ್ಲಿ ಹಾಕಿದ ಕೂ

ಈ ಊರಿನಲ್ಲಿ ನೀರು ಹೇಳದೆ ಕೇಳದೆ ಎದ್ದು ಹೋಗುತ್ತದೆ. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ತುಂಬಿದ ಹೊಳೆ, ಊಟದ ಹೊತ್ತಿಗೆ ಬರೀ ಕೆಸರು, ಸಂಜೆ ಮತ್ತೆ ಹೊಳೆ. ನಮ್ಮೂರ ಕಡೆಯ ಹಾರಂಗಿ ಹೊಳೆ ಹೀಗೆ ಮಾಡಿದ್ದರೆ ಊರಿಗೆ ಊರೇ ಸೇತುವೆ ಮೇಲೆ ಸೇರುತ್ತಿತ್ತು. ನವಿ ಮುಂಬೈಯವರು ತಲೆ ಕೂಡ ಎತ್ತುವುದಿಲ್ಲ. ಸಮುದ್ರ ಊರೊಳಗೆ ಚಾಚಿದ ಈ ಕೈಗೆ ಅವರು ‘ಖಾಡಿ’ ಅನ್ನುತ್ತಾರೆ.

ಹೆಂಡತಿ ಸರಿತಾಗೆ ಬ್ಯಾಂಕಿನಲ್ಲಿ ಬಡ್ತಿಯ ಜೊತೆ ವರ್ಗವೂ ಆಯಿತು. ಸೋಮವಾರಪೇಟೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಹಾಕುತ್ತಿದ್ದ ನಾನು ಕೆಲಸ ಬಿಟ್ಟು ಅವಳ ಹಿಂದೆ ಬಂದೆ. ಅಕ್ಕಿರೊಟ್ಟಿಯ ಜಾಗಕ್ಕೆ ಪಾವ್ ಬಂತು, ಅದಕ್ಕೇನೋ ಒಗ್ಗಿಕೊಂಡೆ. ಮಾತಿಗೆ ಮಾತ್ರ ಜನ ಸಿಗಲಿಲ್ಲ. ಸರಿತಾ ಆರೇ ತಿಂಗಳಲ್ಲಿ ಮರಾಠಿಯಲ್ಲಿ ಜೋಕು ಹೊಡೆಯುವಷ್ಟಾಗಿದ್ದಳು. ಇವಳಿಗೆ ಊರು ಮರೆತೇ ಹೋಯಿತು ಎಂದು ನನಗೆ ಸಿಟ್ಟು.

“ತೋಟದಲ್ಲಿ ಕಾಫಿ ಪಿಕಿಂಗ್ ಶುರುವಾಗಿದೆ. ನಾನು ಊರಿಗೆ ಹೋಗ್ತೀನಿ, ನೀನೊಬ್ಳೇ ಇರು” ಎಂದುಬಿಟ್ಟೆ.

“ಭಾನುವಾರ ಹಕ್ಕಿ ನೋಡ್ಕಂಡು ಬರಾಣ. ಆಮೇಲೆ ಹೋಗೋದಾದ್ರೆ ಹೋಗಿ” ಅಂದಳು.

ಖಾಡಿಯ ದಂಡೆಯ ಪಾರ್ಕಿನಲ್ಲಿ ವಾಚ್‌ಮನ್ ತುಟಿಗೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿ ಒಳಗೆ ಬಿಟ್ಟ. ಉಪ್ಪುನೀರಿನ ಕೆಸರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ದಾರಿ. ಆಚೆ ಕೆಸರಿನ ತುಂಬ ಗುಲಾಬಿ ಬಣ್ಣದ ರಾಜಹಂಸಗಳು, ಯಾರೋ ಸೀರೆ ಒಣಹಾಕಿದ ಹಾಗೆ. ಬೇಡವೆಂದರೂ ಖುಷಿಯಾಯಿತು. ಕೆಸರಿನ ಮೇಲೆ ಕುಪ್ಪಳಿಸುವ ‘ನಿವಟಿ’ ಎಂಬ ಮೀನು ನೋಡುತ್ತ ಮೈಮರೆತೆ. ತಲೆಯೆತ್ತಿದರೆ ಸರಿತಾ ಇಲ್ಲ. ಮುಂದೆ ದಾರಿ ಎರಡಾಗಿತ್ತು, ಅವಳ ಫೋನು ನನ್ನ ಹೆಗಲ ಚೀಲದಲ್ಲಿತ್ತು, ಹಲಗೆಯಡಿ ನೀರು ಏರುತ್ತಿತ್ತು.

ಕಾಫಿ ಗಿಡಗಳ ಮಧ್ಯೆ ಯಾರಾದರೂ ಕಾಣದಿದ್ದರೆ ನಾವು ಹೆಸರು ಹಿಡಿದು ಕರೆಯುವುದಿಲ್ಲ, ಕೂ ಹಾಕುತ್ತೇವೆ. ಕೈ ಬಾಯಿಗೆ ಹೋದದ್ದು ನನಗೇ ತಿಳಿಯಲಿಲ್ಲ.

“ಕೂಽಽಽ!”

ರಾಜಹಂಸಗಳೆಲ್ಲ ಒಮ್ಮೆಗೇ ಎದ್ದವು. ಕ್ಯಾಮೆರಾದವರು ನನ್ನನ್ನು ದುರುಗುಟ್ಟಿ ನೋಡಿದರು, ಮರುಕ್ಷಣ ಆಕಾಶದ ಫೋಟೊಕ್ಕೆ ಮುಗಿಬಿದ್ದರು. “ಅಹೋ ಕಾಕಾ!” ಎಂದು ವಾಚ್‌ಮನ್ ಓಡಿಬಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಕಾಂಡ್ಲಾದ ಆಚೆಯಿಂದ ಬಂತು: “ಕೂಽಽಽ!”

ಬ್ಯಾಂಕಿನ ಮ್ಯಾನೇಜರ್ ಮೇಡಂ! ಊರಿನ ಸಂತೆಯಲ್ಲಿ ನಾನು ಕೂ ಹಾಕಿದರೆ ಪರಿಚಯವೇ ಇಲ್ಲದವಳಂತೆ ನಡೆದು ಹೋಗುತ್ತಿದ್ದವಳು! ನಗುತ್ತಲೇ ಓಡಿಬಂದಳು, ಕಣ್ಣು ಮಾತ್ರ ತುಂಬಿತ್ತು.

“ಅಳ್ತಿದ್ದೀಯಲ್ಲೇ?”

“ಇದನ್ನ ಕೇಳಿ ಎಷ್ಟು ದಿನ ಆಯ್ತು! ನಿಮಗೊಬ್ರಿಗೇ ಊರು ನೆನಪಾಗೋದು ಅಂದ್ಕಂಡಿದ್ರಾ?”

ಆರು ತಿಂಗಳು ಒಂದೇ ಮನೆಯಲ್ಲಿದ್ದೂ ಇದು ನನಗೆ ಹೊಳೆದಿರಲಿಲ್ಲ. ವಾಚ್‌ಮನ್ ಇಬ್ಬರನ್ನೂ ನಿಲ್ಲಿಸಿ ಬೈದ. ನಾವು ಶಾಲೆಯ ಮಕ್ಕಳಂತೆ ತಲೆ ತಗ್ಗಿಸಿ ನಗು ತಡೆದುಕೊಂಡೆವು. ಬೈದು ಸುಸ್ತಾಗಿ, ಯಾವ ಊರಿನವರು ನೀವು ಎಂದು ಮರಾಠಿಯಲ್ಲಿ ಕೇಳಿದ.

“ಸೋಮವಾರಪೇಟೆ” ಎಂದು ಸರಿತಾ ಎದೆಯುಬ್ಬಿಸಿ ಹೇಳಿದಳು. ಅಷ್ಟರಲ್ಲಿ ನಾನು ಖಾಡಿಯಾಚೆಯ ನಮ್ಮ ಬಿಲ್ಡಿಂಗಿನತ್ತ ಕೈ ತೋರಿಸಿ, “ಇಥಲೇಚ್” ಎಂದುಬಿಟ್ಟಿದ್ದೆ. ಇಲ್ಲಿಯವರೇ, ಅಂತ.