ಮೂರು ಬಡಿತಗಳ ನಂತರ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಅತಿ ಹೆಚ್ಚು ಬಾರಿ ವಾದಿಸಿದ್ದು ದೆವ್ವಭೂತಗಳ ನಂಬಿಕೆಯ ವಿರುದ್ಧ. ಕಂಡೆ ಎನ್ನುವವನು ನಿಜವಾಗಿ ಕಂಡದ್ದೇನು, ಎಷ್ಟು ಬೆಳಕಿನಲ್ಲಿ ಕಂಡ, ಕಾಣುವ ಮೊದಲು ಯಾರಿಂದ ಏನು ಕೇಳಿದ್ದ ಎಂಬ ಪ್ರಶ್ನೆಗಳ ಮುಂದೆ ಅಂಥ ಯಾವ ಕತೆಯೂ ನಿಲ್ಲುವುದಿಲ್ಲವೆಂದು ನಂಬಿದ್ದೆ. ಈಗಲೂ ಬಹುಪಾಲು ನಂಬುತ್ತೇನೆ. ಓದುಗರು ಅದೇ ಪ್ರಶ್ನೆಗಳನ್ನು ನನಗೂ ಹಾಕಲಿ ಎಂಬ ಕೋರಿಕೆಯೊಂದಿಗೆ ಇದನ್ನು ಬರೆಯುತ್ತಿದ್ದೇನೆ.

ಪರದೇಶದ ರೈಸ್‌ವೈಕ್ ಎಂಬ ಊರಿನ ಕಚೇರಿಯೊಂದರಲ್ಲಿ ನನ್ನ ಕೆಲಸ. ವಾರಾಂತ್ಯದಲ್ಲಿ ನಾವೊಂದಷ್ಟು ಜನ ಸೇರಿ, ಬಿಸಾಡಲು ಇಟ್ಟ ಗಾಲಿಕುರ್ಚಿಗಳನ್ನು ತಂದು ದುರಸ್ತಿ ಮಾಡಿ, ಅಗತ್ಯವಿದ್ದವರಿಗೆ ಒಯ್ದು ಕೊಡುತ್ತೇವೆ. ಸರಿಪಡಿಸಬಹುದಾದದ್ದನ್ನು ಎಸೆಯುವುದು ಸೋಮಾರಿತನವಲ್ಲ, ಅನ್ಯಾಯ ಎಂದು ಎಲ್ಲ ಸಭೆಗಳಲ್ಲೂ ಹೇಳುವವನು ನಾನು. ನಮ್ಮ ಟ್ರಕ್ಕೂ ಹಾಗೆಯೇ ಉಳಿಸಿಕೊಂಡದ್ದು. ಕೈಯಲ್ಲಿ ಗೇರ್ ಬದಲಿಸುವ ಹಳೆಯ ಗಾಡಿ. ಅದನ್ನು ಓಡಿಸುವ ಪರವಾನಗಿ ನಮ್ಮಲ್ಲಿ ಇದ್ದದ್ದು ಗೀತಾಳಿಗೆ ಮಾತ್ರ.

ಮೂರು ವರ್ಷಗಳ ಹಿಂದಿನ ನವೆಂಬರಿನಲ್ಲಿ ಅದರ ಕ್ಲಚ್ ಸವೆದುಹೋಯಿತು. ಆಗ ಗೀತಾಳ ತಂದೆ ಬಸಪ್ಪನವರು ಮೂರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದರು. ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಇಲ್ಲಿನ ಚಳಿಗೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಅದರ ಮೇಲೆ ಚಪ್ಪಲಿಯನ್ನೇ ಮೆಟ್ಟುತ್ತಿದ್ದರು. ಅವರ ಕೈಕೆಳಗೆ ನಾವಿಬ್ಬರೂ ದುಡಿದು ಎರಡು ದಿನಗಳಲ್ಲಿ ಹೊಸ ಕ್ಲಚ್ ಕೂರಿಸಿದೆವು. ಮರುದಿನ ಭಾನುವಾರ ಗೀತಾ ಹನ್ನೊಂದು ಗಾಲಿಕುರ್ಚಿಗಳನ್ನು ದೂರದ ಗ್ರೋನಿಂಗನ್ ಊರಿಗೆ ಒಯ್ಯಬೇಕಿತ್ತು. ಅಲ್ಲಿ ಜನ ಕಾಯುತ್ತಿದ್ದರು. ಮಾತು ಕೊಟ್ಟವನು ನಾನು.

ಎಂಜಿನ್ ಚಾಲೂ ಮಾಡಿ ಕ್ಲಚ್ ತುಳಿದೊಡನೆ ಕಲ್ಲಿನ ಮೇಲೆ ತಗಡು ಎಳೆದಂಥ ಸದ್ದು ಬಂತು. ಪೆಡಲ್ ಬಿಟ್ಟರೆ ಇಲ್ಲ. ಅದು ಕ್ಲಚ್ಚಿನೊಳಗಿನ ಬೇರಿಂಗಿನ ಸದ್ದು, ಬೇರಿಂಗ್ ಹೊಸದು, ನೂರು ಕಿಲೋಮೀಟರ್ ಓಡಿದರೆ ತಾನೇ ಹೊಂದಿಕೊಳ್ಳುತ್ತದೆ ಎಂದು ನಾನು ವಾದಿಸಿದೆ.

"ಅದು ಹೊಸಾದು ಅನ್ನೂದು ನಿಮಗ ಗೊತ್ತೈತ್ರಿ ಸರ್, ಬೇರಿಂಗಿಗೆ ಗೊತ್ತಿರಬೇಕಲ್ಲ" ಎಂದರು ಬಸಪ್ಪನವರು.

ಗೀತಾ ನಕ್ಕು, "ಅಪ್ಪಾಜಿ, ಇವರ ಕೂಡ ವಾದಕ್ಕ ನಿಂತು ಇಲ್ಲಿ ಯಾರೂ ಗೆದ್ದಿಲ್ಲ. ಬಿಡ್ರಿ, ನಾ ಹೋಗಿ ಬರ್ತೀನಿ" ಎಂದಳು.

"ನೀ ಹೋಗಿ ಬರ್ತಿ, ಖರೆ. ನಡು ಹೈವೇದಾಗ ಗೇರ್ ಬೀಳಲಿಲ್ಲ ಅಂದ್ರ ಇವರ ಭಾಷಣ ತುಳಿದು ಗೇರ್ ಹಾಕ್ತೀಯೇನು?"

ಕಡೆಗೆ ಇನ್ನೊಮ್ಮೆ ಪರೀಕ್ಷಿಸಿ ನೋಡುವುದೆಂದಾಯಿತು. ಗೀತಾ ಮನೆಗೆ ಹೋದಳು. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸದೆಂದು ಬಸಪ್ಪನವರು ತಮ್ಮ ಡಿಪೋದ ಪದ್ಧತಿಯನ್ನು ಹೇಳಿಕೊಟ್ಟರು. ಕೆಳಗೆ ಮಲಗಿದವನು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಗಾಡಿಯ ಅಡಿಚೌಕಟ್ಟಿಗೆ ಬಡಿಯಬೇಕು. ಒಂದು ಬಡಿತಕ್ಕೆ ಪೆಡಲ್ ತುಳಿಯುವುದು, ಎರಡಕ್ಕೆ ಬಿಡುವುದು, ಮೂರಕ್ಕೆ ಎಂಜಿನ್ ನಿಲ್ಲಿಸುವುದು. ಅವರು ಚಾಲಕನ ಸೀಟಿಗೆ ಹತ್ತಿದರು, ನಾನು ಷೆಡ್ಡಿನಲ್ಲಿ ನಿಂತಿದ್ದ ಟ್ರಕ್ಕಿನಡಿ ಮಲಗಿದೆ.

ಮಧ್ಯಾಹ್ನ ಮೂರು ಗಂಟೆ. ಹೊರಗೆ ದಟ್ಟ ಮಂಜು. ಆದರೆ ಟ್ರಕ್ಕಿನಡಿ ನನ್ನ ಬಳಿ ಪ್ರಖರವಾದ ಕೆಲಸದ ದೀಪವಿತ್ತು. ಗೇರ್‌ಬಾಕ್ಸಿನ ಪಕ್ಕದಿಂದ ಹೊರಚಾಚಿದ ಕಬ್ಬಿಣದ ತೋಳೊಂದು ಪೆಡಲ್ ತುಳಿದಾಗ ಸರಿಯುತ್ತದೆ, ಬಿಟ್ಟಾಗ ಮರಳುತ್ತದೆ. ಅದು ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಒಂದು ಬಡಿದೆ, ತೋಳು ಸರಿಯಿತು, ಸದ್ದು ಬಂತು. ಎರಡು ಬಡಿದೆ, ಮರಳಿತು, ಸದ್ದು ನಿಂತಿತು. ಐದಾರು ಸಲ ಹೀಗೆ ಮಾಡಿ, ಬೇರಿಂಗಿನದೇ ದೋಷವೆಂದು ಖಚಿತವಾದ ಮೇಲೆ ಮೂರು ಬಡಿದೆ. ಎಂಜಿನ್ ನಿಂತಿತು.

ತೋಳಿನ ಬುಡದಲ್ಲಿ ಏನಾದರೂ ತಾಗುತ್ತಿದೆಯೇ ಎಂದು ನೋಡಲು ನಾನು ಅಲ್ಲೇ ಉಳಿದೆ. ಎರಡು ಮೂರು ನಿಮಿಷ ಕಳೆದಿರಬೇಕು. ತೋಳು ಸರಿಯಿತು. ಬಸಪ್ಪನವರು ತುಳಿದರೆಂದುಕೊಂಡೆ. ಆದರೆ ಅದರೊಂದಿಗೆ ಆ ಸದ್ದೂ ಬಂತು. ಎಂಜಿನ್ ತಿರುಗದೆ ಬೇರಿಂಗ್ ತಿರುಗದು. ಬೇರಿಂಗ್ ತಿರುಗದೆ ಆ ಸದ್ದು ಹುಟ್ಟದು. ಇದು ನಂಬಿಕೆಯ ಮಾತಲ್ಲ, ರಚನೆಯ ಮಾತು. ಎರಡು ಬಡಿದೆ. ತೋಳು ಮರಳಿತು, ಸದ್ದು ನಿಂತಿತು. ಪರೀಕ್ಷೆಗೆಂದು ಒಂದು ಬಡಿದೆ. ಸರಿಯಿತು, ಅದೇ ಸದ್ದು, ಆ ನಿಶ್ಶಬ್ದದಲ್ಲಿ ಮೊದಲಿಗಿಂತ ಸ್ಪಷ್ಟವಾಗಿ.

"ಬಸಪ್ಪನವರೇ, ಸಾಕು" ಎಂದು ಕೂಗಿದೆ. ತಲೆ ಹೊರಳಿಸಿದಾಗ, ಷೆಡ್ಡಿನ ಬಾಗಿಲಿನಿಂದ ಉಣ್ಣೆಯ ಕಾಲುಚೀಲದ ಎರಡು ಪಾದಗಳು ಚಪ್ಪಲಿ ಎಳೆಯುತ್ತ ಟ್ರಕ್ಕಿನತ್ತ ಬರುತ್ತಿರುವುದು ಕಂಡಿತು. ತೋಳು ಆಗಲೂ ಒತ್ತಿದ ಸ್ಥಿತಿಯಲ್ಲೇ ಇತ್ತು. ನನ್ನ ತಲೆಯ ಮೇಲೆ, ಚಾಲಕನ ಕಾಲಿರುವ ಜಾಗದಲ್ಲಿ, ಮೂರು ಬಡಿತಗಳು ಕೇಳಿಸಿದವು. ತೋಳು ನಿಧಾನವಾಗಿ ಮರಳಿತು.

ನಾನು ಹೇಗೆ ಹೊರಬಂದೆನೋ ನೆನಪಿಲ್ಲ. ಮೊಣಕೈ ತರಚಿ ರಕ್ತ ಬಂದಿತ್ತು. ಬಸಪ್ಪನವರು ಎರಡು ಲೋಟ ಚಹಾ ಹಿಡಿದು ನಿಂತಿದ್ದರು. ನಾನು ಮೂರು ಬಡಿದೊಡನೆ ಎಂಜಿನ್ ನಿಲ್ಲಿಸಿ, ಇಳಿದು, ರೂಢಿಯಂತೆ ಕ್ಯಾಬಿನ್ನಿನ ಬಾಗಿಲಿಗೆ ಕೀಲಿ ಹಾಕಿ, ಚಹಾ ತರಲು ಹೋಗಿದ್ದರಂತೆ. ಕೀಲಿಕೈ ಅವರ ಕಿಸೆಯಲ್ಲಿತ್ತು. ಕ್ಯಾಬಿನ್ ತೆರೆದು ನೋಡಿದೆವು, ಯಾರೂ ಇರಲಿಲ್ಲ. ನಾನು ಕಂಡದ್ದನ್ನು ಹೇಳಿದಾಗ ಅವರು ನಗಲಿಲ್ಲ, ಹೌದೆನ್ನಲೂ ಇಲ್ಲ. "ಚಾ ಕುಡೀರಿ, ಆರ್ತೈತಿ" ಎಂದರು.

ಅಂದಿನಿಂದ ನನ್ನ ವಿರುದ್ಧ ನಾನೇ ಎಷ್ಟೋ ಬಾರಿ ವಾದಿಸಿದ್ದೇನೆ. ಪೆಡಲಿನ ಒತ್ತಡವನ್ನು ತೋಳಿಗೆ ಮುಟ್ಟಿಸುವ ಎಣ್ಣೆಯ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ತೋಳು ತಾನಾಗಿ ಜರುಗೀತು. ಆದರೆ ಬಡಿತವನ್ನು ಎಣಿಸಿ ಜರುಗದು. ಸದ್ದು ಕಿವಿಯಲ್ಲಿ ಉಳಿದ ಗುಂಯ್‌ಗುಡುವಿಕೆ ಇರಬಹುದು. ಅದು ಎರಡು ಬಡಿದಾಗ ನಿಲ್ಲಬಾರದಿತ್ತು. ದಣಿವು, ಭ್ರಮೆ ಎನ್ನಬಹುದು. ಅದನ್ನು ಅಲ್ಲಗಳೆಯಲು ನನಗಿರುವ ಸಾಕ್ಷಿ ನಾನೊಬ್ಬನೇ, ಮತ್ತು ಅಂಥ ಸಾಕ್ಷಿಯನ್ನು ನಾನು ಎಂದೂ ಒಪ್ಪಿದವನಲ್ಲ.

ಆ ಸಂಜೆ ಗೀತಾಳಿಗೆ ಫೋನ್ ಮಾಡಿ ಟ್ರಕ್ ಹೋಗಕೂಡದೆಂದೆ. ಮಧ್ಯಾಹ್ನವಷ್ಟೇ ಹೋಗಲಿ ಎಂದವರು ಈಗ ಯಾಕೆ ಬೇಡವೆನ್ನುತ್ತೀರಿ ಎಂದು ಕೇಳಿದಳು. ಎಲ್ಲರಿಂದಲೂ ಕಾರಣ ಕೇಳುವ ನಾನು, ಬೇರಿಂಗ್ ಕೆಟ್ಟಿದೆ ಎಂದಷ್ಟೇ ಹೇಳಿದೆ. ಮರುವಾರ ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿದರು. ಬೇರಿಂಗಿನಲ್ಲಿ ದೋಷವಿರಲಿಲ್ಲ, ಬೇರೆಲ್ಲೂ ಇರಲಿಲ್ಲ. ಮರಳಿ ಜೋಡಿಸಿದ ಮೇಲೆ ಸದ್ದು ಬರಲೇ ಇಲ್ಲ. ಗ್ರೋನಿಂಗನ್ನಿನವರು ಮೂರು ವಾರ ಕಾದರು. ಆಪತ್ತು ತಪ್ಪಿತು ಎಂದು ಹೇಳಿಕೊಳ್ಳುವ ಸಮಾಧಾನವೂ ನನಗೆ ದಕ್ಕಲಿಲ್ಲ.

ಗೀತಾ ಈಗಲೂ ತಿಂಗಳಿಗೊಮ್ಮೆ ಅದೇ ಟ್ರಕ್ಕಿನಲ್ಲಿ ಹೋಗುತ್ತಾಳೆ. ಅಂದು ನಾನು ಬೇಡವೆಂದ ಗಾಡಿಯೇ ಇದು. ಅಂದಿನಿಂದ ಬದಲಾದ ಭಾಗ ಒಂದೂ ಇಲ್ಲ. ತಡೆಯಲು ಯಾವ ಕಾರಣ ಕೊಡಲಿ? ಅವಳು ಕ್ಲಚ್ ತುಳಿದು ಮೊದಲ ಗೇರ್ ಹಾಕುವಾಗ ನಾನು ಅಂಗಳದಲ್ಲಿ ಉಸಿರು ಹಿಡಿದು ನಿಂತಿರುತ್ತೇನೆ. ಏನೂ ಕೇಳಿಸುವುದಿಲ್ಲ. ಹೋಗಿ ಬಾ ಎಂದು ಕೈಬೀಸುತ್ತೇನೆ.