ನಾಲ್ಕು ತುಂಡು ಚರ್ಮ

ಕರೀಂ ಸಾಬರೇ, ಆ ನಾಲ್ಕು ತುಂಡು ಚರ್ಮವನ್ನು ತೆಗೆದವನು ನಾನೇ. ಅವು ಹಾದಿಯಲ್ಲಿ ಉದುರಲಿಲ್ಲ. ನಿಮ್ಮ ಕೆಲಸ ಸಡಿಲವಾಗಿರಲಿಲ್ಲ. ಹೊಳೆನರಸೀಪುರದ ಜಟಕಾ ಸ್ಟ್ಯಾಂಡಿನಲ್ಲಿ ನೀವು ಹನ್ನೊಂದು ಜನರ ಎದುರು — ಅವತ್ತೂ ಎಣಿಸಿದ್ದೆ — ಬೈಸಿಕೊಂಡು ನಿಂತಾಗ, ಆ ನಾಲ್ಕೂ ನನ್ನ ಕೋಟಿನ ಬಲಜೇಬಿನಲ್ಲಿದ್ದವು.

ನಿಮಗೆ ಓದು ಬಾರದು. ಇದನ್ನು ನಾನೇ ಬಂದು ಓದಿ ಹೇಳುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಎಲ್ಲಿ ಒಂದು ಮಾತು ಬಿಟ್ಟುಬಿಡುತ್ತೇನೋ ಎಂಬ ಹೆದರಿಕೆಯಿಂದ ಬರೆದಿಟ್ಟುಕೊಳ್ಳುತ್ತಿದ್ದೇನೆ. ಒಂದು ಮಾತು ಬಿಡುವುದು ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದು ಮುಂದೆ ತಿಳಿಯುತ್ತದೆ.

೧೯೩೭ನೆಯ ಇಸವಿ. ನನಗೆ ಹತ್ತೊಂಬತ್ತು. ಅಕ್ಕನ ಗಂಡ ಹಾಸನದಲ್ಲಿ ದನದ ಡಾಕ್ಟರು. ಅವರ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಊರೂರು ಸುತ್ತಿ, ಸೂಜಿ ಹಾಕಿದ ದನಗಳ ಲೆಕ್ಕ ಬರೆಯುವುದು ನನ್ನ ಕೆಲಸ. ದುದ್ದದಲ್ಲಿ ಎಷ್ಟು, ಸಾಲಗಾಮೆಯಲ್ಲಿ ಎಷ್ಟು, ಎತ್ತೆಷ್ಟು, ಎಮ್ಮೆಯೆಷ್ಟು — ಎಲ್ಲವೂ ನನ್ನ ಡೈರಿಯಲ್ಲಿ. “ಇವನ ಡೈರಿಯಲ್ಲಿಲ್ಲ ಅಂದರೆ ಅದು ನಡೆದೇ ಇಲ್ಲ” ಎಂದು ಭಾವ ಬಂದವರೆದುರೆಲ್ಲ ಹೇಳುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಆ ವರ್ಷ ಭಾವ ಬೆಂಗಳೂರಿನಿಂದ ಗಾಡಿಗೆ ಎದುರುಗಾಜು ತಂದರು. ಗಾಜೆಂದರೂ ಅದು ಸೆಲ್ಯುಲಾಯ್ಡಿನ ಹಾಳೆ, ಸುತ್ತ ಕಬ್ಬಿಣದ ಚೌಕಟ್ಟು. ಬೇರೆ ಯಾವುದೋ ಗಾಡಿಗೆ ಮಾಡಿದ್ದು. ನಾಲ್ಕು ಕಬ್ಬಿಣದ ಪಟ್ಟಿಗಳಿಂದ ಹ್ಯಾಂಡಲ್ಲಿಗೆ ಕಚ್ಚಿಸಬೇಕು. ಪಟ್ಟಿ ದೊಡ್ಡದು, ಹ್ಯಾಂಡಲ್ ಸಣ್ಣದು. ನಾನು ಬಿಗಿ ಮಾಡಿದೆ. ಸಡಿಲವಾಯಿತು. ಮತ್ತೆ ಬಿಗಿ ಮಾಡಿದೆ. ಹದಿನಾಲ್ಕು ದಿನಗಳಲ್ಲಿ ಇಪ್ಪತ್ತಮೂರು ಸಲ ಎಂದು ಡೈರಿಯಲ್ಲಿದೆ.

ಇಪ್ಪತ್ತಮೂರನೆಯ ಸಲ ಬಿಗಿ ಮಾಡುತ್ತಿದ್ದದ್ದು ನಿಮ್ಮ ಜಟಕಾ ಸ್ಟ್ಯಾಂಡಿನಲ್ಲಿ. ಅಲ್ಲಿನ ಗಾಡಿಗಳ ಜೀನು, ಪಟ್ಟೆ ಎಲ್ಲ ಹೊಲಿಯುತ್ತಿದ್ದವರು ನೀವು. ಜಟಕಾ ಹೊಡೆಯುವ ಕೆಂಚಣ್ಣ ಅಂದ: “ಏನ್ ಸಾಮಿ, ಗಾಡಿಗೂ ಕಣ್ಣು ಮಂಜಾಯ್ತಾ? ಕನ್ನಡಕ ಆಕ್ಸಿದ್ದೀರಿ! ಅದೂ ಮೂಗಿನ ಮ್ಯಾಲೆ ನಿಲ್ಲಾಕಿಲ್ವಲ್ಲ!”

ಎಲ್ಲರೂ ನಕ್ಕರು. ನೀವು ನಗಲಿಲ್ಲ. ಎದ್ದು ಬಂದು, “ಚಾಲೂ ಮಾಡಿ ಸಾಮಿ” ಅಂದಿರಿ.

ಭಾವ ಗಾಡಿ ಚಾಲೂ ಮಾಡಿದರು. ನೀವು ಕಣ್ಣು ಮುಚ್ಚಿ ಅಂಗೈಯನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟಿರಿ — ಬೆದರಿದ ಕುದುರೆಯ ಕುತ್ತಿಗೆಯ ಮೇಲೆ ಇಡುವ ಹಾಗೆ. ಆಮೇಲೆ ಎರಡು ಬೆರಳು ಹ್ಯಾಂಡಲ್ಲಿನುದ್ದಕ್ಕೂ ಮೆಲ್ಲಗೆ ನಡೆದು ಒಂದೊಂದು ಪಟ್ಟಿಯ ಹತ್ತಿರವೂ ನಿಂತವು. ಮೋಟಾರ್ ಸೈಕಲ್ಲನ್ನು ಮುಟ್ಟಿದ್ದು ನಿಮಗೆ ಅದೇ ಮೊದಲು. ಎರಡು ವಾರ ನಾನು ನಟ್ಟು ತಿರುಗಿಸಿದ್ದೆ, ತಿರುವುಗಳನ್ನು ಎಣಿಸಿದ್ದೆ. ಅದು ಎಲ್ಲಿ ನಡುಗುತ್ತಿದೆ ಎಂದು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

“ಕಬ್ಬಿಣ ಕಬ್ಬಿಣನ ಕಚ್ತಾ ಅದೆ ಸಾಮಿ. ನಡುವೆ ಮೆತ್ತನ್ದು ಇಲ್ದಿದ್ರೆ ಎಷ್ಟ್ ಬಿಗಿದ್ರೂ ಬಿಚ್ಕತದೆ. ಕುದ್ರೆ ಬೆನ್ನಿಗೆ ಮೆತ್ತೆ ಇಲ್ದೆ ಜೀನು ಆಕ್ತೀವಾ?”

ಬಿಸ್ಮಿಲ್ಲಾ ಎಂದು ಉಳಿ ಎತ್ತಿಕೊಂಡು ಹಳೆಯ ಜೀನಿನಿಂದ ನಾಲ್ಕು ತುಂಡು ಚರ್ಮ ಕತ್ತರಿಸಿದಿರಿ. ನೀರಿನಲ್ಲಿ ನೆನೆಸಿ, ಅಂಚು ಕೆತ್ತಿ, ಹ್ಯಾಂಡಲ್ಲಿಗೆ ಸುತ್ತಿ, ಮೇಲೆ ಪಟ್ಟಿ ಕೂಡಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿದಿರಿ. “ಒಣಗಲಿ, ಆಮೇಲೆ ಅರ್ಧ ಸುತ್ತು. ಸಾಕು.”

ಅಲ್ಲಿಂದ ಅರಕಲಗೂಡಿಗೆ ಹೋದೆವು. ಗಾಜು ಕದಲಲಿಲ್ಲ. ಹಾದಿಯುದ್ದಕ್ಕೂ ಅದನ್ನೇ ನೋಡುತ್ತ ಕೂತಿದ್ದೆ.

ಅರಕಲಗೂಡಿನ ಕಚೇರಿಯ ಮುಂದೆ ಗುಮಾಸ್ತರೊಬ್ಬರು ಗಾಡಿಯ ಸುತ್ತ ಒಂದು ಸುತ್ತು ಬಂದು, “ಏನಯ್ಯಾ, ಗಾಡಿಗೆ ಚಪ್ಪಲಿ ಹೊಲಿಸಿದ್ದೀಯ? ಅದೂ ಹಳೇ ಚಪ್ಪಲಿ!” ಎಂದು ನಕ್ಕರು. ಅಷ್ಟೇ. ಅಷ್ಟಕ್ಕೇ — ಭಾವ ದನಗಳನ್ನು ನೋಡಲು ಹೋದ ಹೊತ್ತಿನಲ್ಲಿ ನಾಲ್ಕೂ ಚರ್ಮ ಬಿಚ್ಚಿದೆ. ಬರೀ ಕಬ್ಬಿಣದ ಮೇಲೆ ಸ್ಪ್ಯಾನರ್ ಹಾಕಿ, ಕೈ ನೋಯುವಷ್ಟು ತಿರುಗಿಸಿದೆ. ಅಲ್ಲೇ ನಿಂತು ಡೈರಿಯಲ್ಲಿ ಬರೆದೆ: “ನಟ್ಟು ೪. ಬಿಗಿ ಮಾಡಿದೆ.” ಚರ್ಮದ ಮಾತು ಬರೆಯಲಿಲ್ಲ. ಬರೆದರೆ ಯಾಕೆ ತೆಗೆದೆ ಎಂದೂ ಬರೆಯಬೇಕಾಗುತ್ತಿತ್ತು. ಒಬ್ಬ ಗುಮಾಸ್ತ ನಕ್ಕನೆಂದು — ಅದನ್ನು ಹೇಗೆ ಬರೆಯಲಿ?

ವಾಪಸು ಬರುವಾಗ ಒಂದು ಇಳಿಜಾರಿನಲ್ಲಿ, ಬಿಗಿ ಮಾಡಿ ಮಾಡಿ ಸೋತಿದ್ದ ಪಟ್ಟಿಯೊಂದು ಟಪ್ಪೆಂದು ಸೀಳಿತು. ಗಾಜು ಹಿಂದಕ್ಕೆ ಮಗುಚಿ ಭಾವನ ಮುಖಕ್ಕೆ ಬಡಿಯಿತು. ಗಾಡಿ ಬೇಲಿಗೆ ನುಗ್ಗಿತು. ಅವರ ಎಡಗೈ ಮುರಿಯಿತು. ಹುಬ್ಬಿನ ಮೇಲೆ ಏಳು ಹೊಲಿಗೆ. ಇನ್ನರ್ಧ ಅಂಗುಲ ಕೆಳಗಾಗಿದ್ದರೆ ಕಣ್ಣೇ.

ಮೂರನೆಯ ದಿನ ಭಾವ ಕೊರಳಿಗೆ ಕೈ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಸ್ಟ್ಯಾಂಡಿಗೆ ಬಂದು ನಿಂತರು. ಸೀಳಿದ ಪಟ್ಟಿಯನ್ನು ನಿಮ್ಮ ಮುಂದೆ ಎಸೆದರು. ನೀವು ಅದನ್ನೆತ್ತಿ ಒಳಗೆ ಹೆಬ್ಬೆರಳಾಡಿಸಿದಿರಿ.

“ಇದ್ರಾಗೆ ನಾನಿಟ್ಟ ಚರ್ಮ ಇಲ್ಲ ಸಾಮಿ. ಯಾರೋ ತೆಗ್ದವ್ರೆ.”

ಭಾವ ನನ್ನ ಕಡೆ ತಿರುಗಿದರು. “ತೆಗೆದೆಯೇನೋ?”

ನನ್ನ ಬಲಗೈ ಜೇಬಿನಲ್ಲಿತ್ತು. ಬೆರಳಿಗೆ ಚರ್ಮ ತಾಗುತ್ತಿತ್ತು. ನಾನು ಎಡಗೈಯಿಂದ ಡೈರಿ ತೆಗೆದು ಚಾಚಿದೆ.

“ಡೈರಿಯಲ್ಲಿ ಹಾಗೇನೂ ಇಲ್ಲ, ಭಾವ.”

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಂಬತ್ತು ವರ್ಷ ನನ್ನನ್ನು ತಿಂದದ್ದು ಅದೇ.

ಭಾವ ಓದಿದರು. ನಟ್ಟು ನಾಲ್ಕು, ಬಿಗಿ. “ನೋಡಯ್ಯಾ, ಉದುರಿಹೋಗೋ ಹಾಗೆ ಕಟ್ಟಿದ್ದೀಯ.”

“ನಾಕೂ ಉದುರ್ತಾವಾ ಸಾಮಿ? ಒಂದೂ ಉಳೀದಂಗೆ?”

“ಕುದುರೆಗೂ ಹೀಗೇ ಕಟ್ಟಿದರೆ ಗಾಡಿಯಲ್ಲಿ ಕೂತ ಹೆಂಗಸರು ಮಕ್ಕಳು ಉಳೀತಾರಾ?” ಎಂದು ಭಾವ ಜಟಕಾದವರೆಲ್ಲ ಕೇಳುವಂತೆ ಅಂದರು. ಕುದುರೆಗಳನ್ನು ನೋಡುವ ಡಾಕ್ಟರ ಮಾತು. ಕೆಂಚಣ್ಣ ಕೂಡ ನೆಲ ನೋಡಿದ. ನೀವು ನನ್ನ ಡೈರಿಯನ್ನೇ ನೋಡಿ, “ಬರ್ದದೆ ಅಂದ್ಮೇಲೆ ನಂದೇನದೆ” ಎಂದು ಪಟ್ಟಿಯನ್ನು ಕೆಳಗಿಟ್ಟಿರಿ. ನಿಮ್ಮ ಬೆರಳಿಗೆ ಗೊತ್ತಿದ್ದ ಸತ್ಯವನ್ನು ನನ್ನ ಪೆನ್ಸಿಲ್ಲು ಸೋಲಿಸಿತು.

ಒಬ್ಬೊಬ್ಬರಾಗಿ ನಿಮ್ಮ ಹತ್ತಿರ ಜೀನು ತರುವುದನ್ನು ಬಿಟ್ಟರು. ವರ್ಷ ತುಂಬುವುದರೊಳಗೆ ನೀವು ಚನ್ನರಾಯಪಟ್ಟಣಕ್ಕೆ, ಮಗಳ ಮನೆಗೆ ಹೊರಟುಹೋದಿರಿ ಎಂದು ಕೇಳಿದೆ.

ಇನ್ನೊಂದಿದೆ. ಇದು ಮೊದಲಿನದಕ್ಕಿಂತ ಕೀಳು. ಭಾವನ ಕೈ ಕೂಡಿಕೊಂಡ ಮೇಲೆ ಹೊಸ ಪಟ್ಟಿ ಮಾಡಿಸಿ, ಅವರಿಲ್ಲದ ಹೊತ್ತು ನೋಡಿ ನಿಮ್ಮ ಅದೇ ನಾಲ್ಕು ಚರ್ಮವನ್ನು ನೆನೆಸಿ ಒಳಗಿಟ್ಟೆ. ಹೊರಗೆ ಕಾಣದ ಹಾಗೆ ಅಂಚನ್ನು ಒಂದಿಷ್ಟು ಕತ್ತರಿಸಿ, ಮೇಲೆ ಕಪ್ಪು ಬಣ್ಣ ಬಳಿದೆ. ಒಣಗಿದ ಮೇಲೆ ಅರ್ಧ ಸುತ್ತು. ಆಮೇಲೆ ನುಗ್ಗೇಹಳ್ಳಿಯ ಕಲ್ಲುಹಾದಿಯಲ್ಲೂ ಅದು ಅಲುಗಲಿಲ್ಲ. “ಭೇಷ್, ನಿನ್ನ ಕೈ ಕುದುರಿತು” ಎಂದರು ಭಾವ. ಆ ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ಅಂದಿನಿಂದ ಇಂದಿನವರೆಗೆ ನಟ್ಟಿಗೆ ಸ್ಪ್ಯಾನರ್ ಹಾಕಿದ ಲೆಕ್ಕ: ಸೊನ್ನೆ.

ಕಳೆದ ವಾರ ಭಾವನ ಗಾಡಿಯಲ್ಲಿ ಒಬ್ಬನೇ ಹೋಗಿದ್ದಾಗ ಚನ್ನರಾಯಪಟ್ಟಣದಲ್ಲಿ ನಿಮ್ಮನ್ನು ಕಂಡೆ. ನೀವು ಜಗುಲಿಯ ಮೇಲೆ ಕೂತು ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಚರ್ಮದ ಚೀಲಕ್ಕೆ ತೇಪೆ ಹಾಕುತ್ತಿದ್ದಿರಿ. ಕಣ್ಣು ಮಂಜಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಗಾಡಿಯ ಸದ್ದಿನ ಗುರುತು ಹತ್ತಿತು. ಎದ್ದು ಬಂದು ಅಂಗೈಯನ್ನು ಟ್ಯಾಂಕಿನ ಮೇಲಿಟ್ಟಿರಿ. ಎರಡು ಬೆರಳು ಹ್ಯಾಂಡಲ್ಲಿನ ಮೇಲೆ ನಡೆದು ಮೊದಲನೆಯ ಪಟ್ಟಿಯ ಹತ್ತಿರ ನಿಂತವು. ಬಣ್ಣ ಬಳಿದಿದ್ದೆ, ಅಂಚು ಕತ್ತರಿಸಿದ್ದೆ, ಒಂಬತ್ತು ವರ್ಷ ಕಳೆದಿತ್ತು —

“ನನ್ ಚರ್ಮ ಇಲ್ಲೇ ಅದೆ” ಅಂದಿರಿ. ಕೋಪದಿಂದಲ್ಲ. ಕಳೆದುಹೋದ ಮೇಕೆ ಮನೆಗೆ ಬಂದಾಗ ಅನ್ನುವ ಹಾಗೆ. ಆಮೇಲೆ ಕೇಳಿದಿರಿ: “ನಡುಗ್ತದಾ ಈಗ?”

“ಇಲ್ಲ” ಎಂದೆ. ಗಾಡಿ ಹತ್ತಿ ಹೊರಟುಬಂದೆ.

ಇವತ್ತು ಬೆಳಿಗ್ಗೆ ಭಾವನಿಗೆ ಎಲ್ಲ ಹೇಳಿದೆ. ಅವರು ಹುಬ್ಬಿನ ಮೇಲಿನ ಗಾಯದ ಕಲೆ ಮುಟ್ಟಿಕೊಂಡರು. ಡೈರಿ ತೋರಿಸಲು ಹೋದೆ, ತಳ್ಳಿದರು. “ಗಾಡಿ ತೆಗಿ. ಆ ಮಾತು ಆಡಿದವನು ನಾನು. ನಾನೂ ಬರ್ತೀನಿ.”

ಮೊದಲು ಜಟಕಾ ಸ್ಟ್ಯಾಂಡಿಗೆ ಹೋಗಿ ಅವರೆದುರು ಇದನ್ನು ಓದುತ್ತೇನೆ. ಆಮೇಲೆ ನಿಮ್ಮ ಜಗುಲಿಗೆ ಬರುತ್ತೇನೆ. ಹಳೆಯ ಡೈರಿಯಲ್ಲಿ ನಟ್ಟಿನ ಸಾಲಿನ ಕೆಳಗೆ ಇವತ್ತಿನ ತಾರೀಖು ಹಾಕಿ ಬರೆದಿದ್ದೇನೆ: “ಚರ್ಮ ೪. ನಾನೇ ತೆಗೆದೆ.”

ಅವತ್ತಿನ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಇದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಇಬ್ಬರು ತೀರಿಕೊಂಡಿದ್ದಾರೆ; ಒಬ್ಬ ಕೆಂಚಣ್ಣ. ನಿಮ್ಮ ಕೈಕೆಲಸ ಸಡಿಲವೆಂದು ನಂಬಿಕೊಂಡೇ ಅವರು ಹೋದರು. ಅವರಿಗೆ ನಾನು ಎಲ್ಲಿ ನಿಂತು ಓದಲಿ, ಸಾಬರೇ?